ಸ್ಕ್ಯಾನಿಂಗ್ ಚೀಟಿಯೂ ಕಮಿಷನ್ನೂ: ರೋಗಿಗಳು ತಿಳಿದಿರಬೇಕಾದ ಕಾನೂನು



ಡಾಕ್ಟರು ಪರೀಕ್ಷೆ ಮಾಡಿ, ಚೀಟಿಯಲ್ಲಿ ಎಂ.ಆರ್.ಐ. ಅಥವಾ ಸಿ.ಟಿ. ಸ್ಕ್ಯಾನ್ ಎಂದು ಬರೆದುಕೊಟ್ಟ ಕೂಡಲೇ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಕಾಯಿಲೆ ಅಷ್ಟು ದೊಡ್ಡದೇ ಎಂಬುದು ಒಂದು. ದುಡ್ಡು ಎಲ್ಲಿಂದ ಹೊಂದಿಸುವುದು ಎಂಬುದು ಇನ್ನೊಂದು. ಇವೆರಡರ ಜೊತೆಗೆ ಮೂರನೆಯ ಪ್ರಶ್ನೆಯೂ ಇರುತ್ತದೆ. ಅದನ್ನು ಡಾಕ್ಟರ ಎದುರು ಯಾರೂ ಕೇಳುವುದಿಲ್ಲ. ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತಾಗ ಪಕ್ಕದವರ ಕಿವಿಯಲ್ಲಿ ಕೇಳುತ್ತಾರೆ: "ಇದರಲ್ಲಿ ಕಳಿಸಿದವರಿಗೆ ಎಷ್ಟು ಹೋಗುತ್ತೋ ಏನೋ?"

ಈ ಲೇಖನ ಆ ಮೂರನೆಯ ಪ್ರಶ್ನೆಯ ಬಗ್ಗೆ. ಇದನ್ನು ಬರೆಯಲು ಎರಡು ಕಾರಣಗಳಿವೆ. ಕಮಿಷನ್ನಿನ ಆಸೆಗೆ ಬರೆದ ಪರೀಕ್ಷೆಗಾಗಿ ಒಡವೆ ಅಡವಿಟ್ಟು ಹಣ ಕಟ್ಟುವ ಕುಟುಂಬಗಳು ಇವೆ. ಹಾಗೆಯೇ "ಎಲ್ಲವೂ ಕಮಿಷನ್ ವ್ಯವಹಾರ" ಎಂದು ತಿಳಿದು, ನಿಜವಾಗಿ ಬೇಕಾಗಿದ್ದ ಸ್ಕ್ಯಾನಿಂಗನ್ನು ಮಾಡಿಸದೆ ಮನೆಗೆ ಹೋಗಿ ಕಾಯಿಲೆ ಬೆಳೆಸಿಕೊಳ್ಳುವವರೂ ಇದ್ದಾರೆ. ಮೊದಲನೆಯವರು ಹಣ ಕಳೆದುಕೊಳ್ಳುತ್ತಾರೆ, ಎರಡನೆಯವರು ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ.

ಬೇರೆಡೆಗೆ ಕಳುಹಿಸುವುದೇ ತಪ್ಪಲ್ಲ

ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರ ಬಳಿಗೆ, ಲ್ಯಾಬಿಗೆ ಅಥವಾ ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಕಳುಹಿಸುವುದಕ್ಕೆ ರೆಫರಲ್ ಎನ್ನುತ್ತಾರೆ. ಇದು ವೈದ್ಯರ ಕರ್ತವ್ಯ. ವಿಜಯನಗರದ ಒಂದು ಬೀದಿಯ ಕ್ಲಿನಿಕ್ಕಿನಲ್ಲಿ ಕೂತ ಡಾಕ್ಟರು ಎದೆನೋವಿನ ರೋಗಿಯನ್ನು ತಮ್ಮಲ್ಲೇ ಇಟ್ಟುಕೊಂಡು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರೆ ಅದು ತಪ್ಪು. ಹೃದ್ರೋಗದ ಆಸ್ಪತ್ರೆಗೆ ಕಳುಹಿಸಿದರೆ ಅದು ಸರಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ, ತುರ್ತು ಸಂದರ್ಭಗಳನ್ನು ಬಿಟ್ಟು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಈ ಪತ್ರಕ್ಕೆ ಯಾರಿಗೂ ಹಣ ಕೊಡಬೇಕಾಗಿಲ್ಲ.

ಕಳುಹಿಸಿದ್ದಕ್ಕೆ ಪ್ರತಿಯಾಗಿ ಹಣ, ಉಡುಗೊರೆ ಅಥವಾ ಬೇರೆ ಲಾಭ ಪಡೆಯುವುದು ಮಾತ್ರ ತಪ್ಪು. ಆ ಹಣವನ್ನೇ ನಾವೆಲ್ಲ ಕಮಿಷನ್ ಎನ್ನುವುದು. ವೈದ್ಯರು ತಾವು ಮಾಡಿದ ಕೆಲಸಕ್ಕೆ ತೆಗೆದುಕೊಳ್ಳುವ ಫೀ ಕಮಿಷನ್ ಅಲ್ಲ. ನಿಮ್ಮ ಶಸ್ತ್ರಚಿಕಿತ್ಸಕರು ಬೇರೊಂದು ನರ್ಸಿಂಗ್ ಹೋಮಿಗೆ ಬಂದು ಆಪರೇಷನ್ ಮಾಡಿ ಅದಕ್ಕೆ ಫೀ ಪಡೆದರೆ, ಬಿಲ್ಲಿನಲ್ಲಿ ಅವರ ಹೆಸರಿನ ಮುಂದೆ ಅದು ನಮೂದಾಗಿರುತ್ತದೆ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಏನೂ ಕೆಲಸ ಮಾಡದೆ, ರೋಗಿಯನ್ನು ಕಳುಹಿಸಿದ್ದಕ್ಕಾಗಿ ಮಾತ್ರ ಬರುವ ಹಣಕ್ಕೆ ಬಿಲ್ಲಿನಲ್ಲಿ ಸಾಲು ಇರುವುದಿಲ್ಲ. ವ್ಯತ್ಯಾಸ ಇಷ್ಟೇ.

2017ರಲ್ಲಿ ಬೆಂಗಳೂರಿನಲ್ಲಿ ಬಯಲಾದದ್ದು

ಈ ಕಮಿಷನ್ ಎಂಬುದು ಬರೀ ಬಾಯಿಮಾತು ಎಂದು ಬಹಳ ವರ್ಷ ಹೇಳಲಾಗುತ್ತಿತ್ತು. 2017ರ ನವೆಂಬರ್ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆಯವರು ಬೆಂಗಳೂರಿನ ಐದು ರೋಗಪತ್ತೆ ಕೇಂದ್ರಗಳು ಮತ್ತು ಎರಡು ಐ.ವಿ.ಎಫ್. ಕೇಂದ್ರಗಳಲ್ಲಿ ಮೂರು ದಿನ ಶೋಧನೆ ನಡೆಸಿದರು. ನಂತರ ಇಲಾಖೆಯೇ ಹೊರಡಿಸಿದ ಪ್ರಕಟಣೆಯಲ್ಲಿ ಲೆಕ್ಕ ಸಮೇತ ವಿವರ ಬಂತು. ಎಂ.ಆರ್.ಐ. ಸ್ಕ್ಯಾನಿಂಗಿಗೆ ಕಳುಹಿಸಿದ ವೈದ್ಯರಿಗೆ ಶೇಕಡಾ 35, ಸಿ.ಟಿ. ಸ್ಕ್ಯಾನಿಗೆ ಮತ್ತು ಲ್ಯಾಬ್ ಪರೀಕ್ಷೆಗಳಿಗೆ ಶೇಕಡಾ 20 ಕಮಿಷನ್ ಸಲ್ಲುತ್ತಿತ್ತು ಎಂದು ಅದರಲ್ಲಿ ಇತ್ತು. ಲೆಕ್ಕದ ಪುಸ್ತಕದಲ್ಲಿ ಈ ಹಣವನ್ನು "ಮಾರುಕಟ್ಟೆ ಪ್ರಚಾರದ ಖರ್ಚು" ಎಂದು ತೋರಿಸಲಾಗಿತ್ತು. ಶೋಧನೆಗೆ ಒಳಗಾದ ಲ್ಯಾಬುಗಳು 100 ಕೋಟಿ ರೂಪಾಯಿಗೂ ಹೆಚ್ಚು ಅಘೋಷಿತ ಆದಾಯವನ್ನು ಒಪ್ಪಿಕೊಂಡವು ಎಂದೂ, ಒಂದೇ ಲ್ಯಾಬಿನ ರೆಫರಲ್ ಹಣ 200 ಕೋಟಿ ರೂಪಾಯಿ ದಾಟಿತ್ತು ಎಂದೂ ಇಲಾಖೆ ತಿಳಿಸಿತು. 1.4 ಕೋಟಿ ರೂಪಾಯಿ ನಗದು ಮತ್ತು 3.5 ಕಿಲೋ ಒಡವೆಗಳೂ ಸಿಕ್ಕಿದ್ದವು.

ಹಣ ಕೊಡುತ್ತಿದ್ದ ವಿಧಾನವನ್ನೂ ಇಲಾಖೆ ವಿವರಿಸಿತ್ತು. ಕೆಲವು ಕಡೆ ಹದಿನೈದು ದಿನಕ್ಕೊಮ್ಮೆ ನಗದನ್ನು ಕೈಗೇ ತಲುಪಿಸುತ್ತಿದ್ದರು. ಕೆಲವು ಕಡೆ ಮುಂಗಡವಾಗಿಯೇ ಹಣ ಕೊಟ್ಟಿರುತ್ತಿದ್ದರು. ಇನ್ನು ಕೆಲವು ಕಡೆ ವೈದ್ಯರನ್ನು ಆ ಕೇಂದ್ರದ ಸಲಹಾ ವೈದ್ಯರೆಂದು ಕರಾರು ಮಾಡಿಕೊಂಡು ಚೆಕ್ಕಿನ ಮೂಲಕ "ವೃತ್ತಿಪರ ಶುಲ್ಕ" ಎಂದು ಕೊಡುತ್ತಿದ್ದರು. ಆ ವೈದ್ಯರು ಆ ಕೇಂದ್ರಕ್ಕೆ ಕಾಲಿಟ್ಟದ್ದೂ ಇಲ್ಲ, ಅಲ್ಲಿ ರಿಪೋರ್ಟ್ ಬರೆದದ್ದೂ ಇಲ್ಲ. ಆದಾಯ ಹಂಚಿಕೊಳ್ಳುವ ಒಪ್ಪಂದ ನಾಲ್ಕನೆಯ ದಾರಿ.

ಇದು ತೆರಿಗೆ ಇಲಾಖೆಯ ಹೇಳಿಕೆ, ನ್ಯಾಯಾಲಯದ ತೀರ್ಪಲ್ಲ. ಬೆಂಗಳೂರಿನ ಎಲ್ಲ ಲ್ಯಾಬುಗಳೂ ಎಲ್ಲ ವೈದ್ಯರೂ ಹೀಗೇ ಎಂದು ಇದರಿಂದ ತೀರ್ಮಾನಿಸಬಾರದು. ಆದರೆ ಹೀಗೆ ನಡೆಯುವುದೇ ಇಲ್ಲ ಎಂದು ಹೇಳುವುದಕ್ಕೂ ಆ ದಿನದ ನಂತರ ಯಾರಿಗೂ ಬಾಯಿ ಉಳಿಯಲಿಲ್ಲ.

ವೈದ್ಯರೊಳಗಿನಿಂದಲೇ ದನಿ ಎತ್ತಿದವರೂ ಇದ್ದಾರೆ. ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ಮಹಾರಾಷ್ಟ್ರದ ಮಹಾಡ್ ಪಟ್ಟಣದ ಡಾ. ಹಿಮ್ಮತರಾವ್ ಬಾವಸ್ಕರ್ ಅವರಿಗೆ ಒಂದು ರೋಗಪತ್ತೆ ಕೇಂದ್ರದಿಂದ 1,200 ರೂಪಾಯಿಯ ಚೆಕ್ ಬಂತು. ಅವರು ಒಬ್ಬ ರೋಗಿಯನ್ನು ಸ್ಕ್ಯಾನಿಂಗಿಗೆ ಕಳುಹಿಸಿದ್ದರು, ಅಷ್ಟೇ. ಅವರು ಆ ಹಣ ಇಟ್ಟುಕೊಳ್ಳಲಿಲ್ಲ, ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟರು. ಇಂಥವರು ನಮ್ಮ ಬಡಾವಣೆಗಳಲ್ಲೂ ಇದ್ದಾರೆ. ಅವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ.

ಇದು ಯಾರ ಜೇಬಿನಿಂದ ಹೋಗುತ್ತದೆ?

ಒಂದು ಉದಾಹರಣೆಯ ಲೆಕ್ಕ ನೋಡಿ. ನಿಮಗೆ 8,000 ರೂಪಾಯಿಯ ಎಂ.ಆರ್.ಐ., 4,000 ರೂಪಾಯಿಯ ಸಿ.ಟಿ. ಸ್ಕ್ಯಾನ್ ಮತ್ತು 1,500 ರೂಪಾಯಿಯ ರಕ್ತಪರೀಕ್ಷೆ ಬರೆದಿದ್ದಾರೆ ಎಂದುಕೊಳ್ಳೋಣ. ಒಟ್ಟು 13,500 ರೂಪಾಯಿ. ಮೇಲೆ ಹೇಳಿದ ದರದಲ್ಲಿ ಕಮಿಷನ್ ಇದ್ದರೆ ಎಂ.ಆರ್.ಐ.ಯಿಂದ 2,800, ಸಿ.ಟಿ.ಯಿಂದ 800, ರಕ್ತಪರೀಕ್ಷೆಯಿಂದ 300, ಒಟ್ಟು 3,900 ರೂಪಾಯಿ ಪರೀಕ್ಷೆಗೆ ಸಂಬಂಧವೇ ಇಲ್ಲದ ದಾರಿಯಲ್ಲಿ ಹೋಗುತ್ತದೆ. ಈ ಹಣವನ್ನು ಲ್ಯಾಬಿನವರು ತಮ್ಮ ಮನೆಯಿಂದ ತಂದು ಕೊಡುವುದಿಲ್ಲ. ದರ ನಿಗದಿ ಮಾಡುವಾಗಲೇ ಅದನ್ನು ಸೇರಿಸಿಟ್ಟಿರುತ್ತಾರೆ. ಪೀಣ್ಯದ ಕಾರ್ಖಾನೆಯಲ್ಲೋ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲೋ ದುಡಿಯುವ ಹೆಣ್ಣುಮಗಳೊಬ್ಬಳಿಗೆ 3,900 ರೂಪಾಯಿ ಎಂದರೆ ಎಷ್ಟು ದಿನದ ದುಡಿಮೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಣಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಕಮಿಷನ್ ಶೇಕಡಾವಾರು ಲೆಕ್ಕದಲ್ಲಿ ಇರುವುದರಿಂದ, ದುಬಾರಿ ಪರೀಕ್ಷೆ ಬರೆದಷ್ಟೂ ಲಾಭ ಹೆಚ್ಚು. ಆಗ ಪರೀಕ್ಷೆ ಬೇಕೇ ಬೇಡವೇ ಎಂದು ತೂಗುವ ತಕ್ಕಡಿಯೇ ಒಂದು ಕಡೆಗೆ ವಾಲುತ್ತದೆ. ಲ್ಯಾಬ್ ಆರಿಸುವಾಗಲೂ ಹಾಗೆಯೇ. ರಿಪೋರ್ಟ್ ಚೆನ್ನಾಗಿ ಕೊಡುವ ಲ್ಯಾಬಿನ ಬದಲು ಲಕೋಟೆ ಚೆನ್ನಾಗಿ ಕೊಡುವ ಲ್ಯಾಬಿಗೆ ರೋಗಿ ಹೋಗುತ್ತಾನೆ.

ಸೊಂಟನೋವನ್ನು ತೆಗೆದುಕೊಳ್ಳಿ. ನಮ್ಮಲ್ಲಿ ಬಹಳ ಜನರಿಗೆ ಇರುವ ತೊಂದರೆ. ಅಪಾಯದ ಲಕ್ಷಣಗಳಿಲ್ಲದ ಸಾಮಾನ್ಯ ಸೊಂಟನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ, ಆರಂಭದಲ್ಲೇ ಎಂ.ಆರ್.ಐ. ಬೇಕಾಗಿಲ್ಲ ಎಂದು ವೈದ್ಯಶಾಸ್ತ್ರದ ಮಾರ್ಗಸೂಚಿಗಳು ಹೇಳುತ್ತವೆ. ಬೇಡದೆ ಮಾಡಿಸಿದರೆ ವಯಸ್ಸಿಗೆ ಸಹಜವಾದ ಡಿಸ್ಕ್ ಸವೆತ ಕಾಣುತ್ತದೆ, ಅದನ್ನು ನೋಡಿ ಗಾಬರಿಯಾಗುತ್ತದೆ, ಒಂದು ಪರೀಕ್ಷೆ ಇನ್ನೊಂದಕ್ಕೆ ದಾರಿ ಮಾಡುತ್ತದೆ. ಆದರೆ ಕಾಲಿನಲ್ಲಿ ಶಕ್ತಿ ಕಡಿಮೆಯಾಗಿದ್ದರೆ, ಮಲಮೂತ್ರದ ಹಿಡಿತ ತಪ್ಪಿದ್ದರೆ, ಕುಳಿತುಕೊಳ್ಳುವ ಭಾಗದಲ್ಲಿ ಜೋಮು ಹಿಡಿದಂತಿದ್ದರೆ, ಜ್ವರ ಅಥವಾ ತೂಕ ಇಳಿಕೆ ಇದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಎತ್ತರದಿಂದ ಬಿದ್ದಿದ್ದರೆ, ಅದೇ ಎಂ.ಆರ್.ಐ. ತಡಮಾಡದೆ ಬೇಕು. ಪರೀಕ್ಷೆ ಒಂದೇ, ಒಬ್ಬರಿಗೆ ಅದು ಅನಗತ್ಯ, ಇನ್ನೊಬ್ಬರ ಕಾಲು ಉಳಿಸುವ ಪರೀಕ್ಷೆ. ಅದಕ್ಕಾಗಿಯೇ ಕಮಿಷನ್ ಇದೆಯೋ ಇಲ್ಲವೋ ಎಂದು ಊಹೆ ಮಾಡುವ ಬದಲು ಈ ಪರೀಕ್ಷೆ ನನಗೆ ಏಕೆ ಬೇಕು ಎಂದು ಕೇಳುವುದು ಒಳ್ಳೆಯದು. ಸಿ.ಟಿ. ಸ್ಕ್ಯಾನಿನಲ್ಲಿ ವಿಕಿರಣವೂ ಇರುತ್ತದೆ, ಸಾಮಾನ್ಯ ಎಕ್ಸ್‌ರೇಗಿಂತ ಹಲವು ಪಟ್ಟು ಹೆಚ್ಚು. ಬೇಕಾದಾಗ ಅದಕ್ಕೆ ಹೆದರಬೇಕಾಗಿಲ್ಲ, ಬೇಡವಾದಾಗ ಮಾಡಿಸಬಾರದು.

ಕಾನೂನು ಏನು ಹೇಳುತ್ತದೆ?

ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ವೈದ್ಯರ ವೃತ್ತಿ ನಡತೆ ಮತ್ತು ನೀತಿಯ ಬಗ್ಗೆ ನಿಯಮಾವಳಿಯನ್ನು ಹೊರಡಿಸಿತು. ಅದರ 6.4ನೇ ನಿಯಮ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ರೋಗಿಯನ್ನು ಚಿಕಿತ್ಸೆಗಾಗಿ ಕಳುಹಿಸಿದ್ದಕ್ಕೆ, ಶಿಫಾರಸು ಮಾಡಿದ್ದಕ್ಕೆ ಅಥವಾ ಒದಗಿಸಿದ್ದಕ್ಕೆ ಪ್ರತಿಯಾಗಿ ವೈದ್ಯರು ಉಡುಗೊರೆ, ಕಮಿಷನ್, ಬೋನಸ್ ಏನನ್ನೂ ಕೊಡಬಾರದು, ಕೇಳಬಾರದು, ತೆಗೆದುಕೊಳ್ಳಬಾರದು ಎಂಬುದು ಅದರ ತಾತ್ಪರ್ಯ. ಫೀ ಹಂಚಿಕೊಳ್ಳುವುದೂ ನಿಷಿದ್ಧ. ರಕ್ತ, ಕಫ ಮೊದಲಾದ ಮಾದರಿಗಳನ್ನು ಲ್ಯಾಬಿಗೆ ಕಳುಹಿಸುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ತಮ್ಮ ಕೈಕೆಳಗೆ ಕೆಲಸ ಮಾಡುವ ಅರ್ಹ ವೈದ್ಯರಿಗೆ ಸಂಬಳ ಕೊಡುವುದಕ್ಕೆ ಅಡ್ಡಿಯಿಲ್ಲ. ರೋಗಿಗಳನ್ನು ಹಿಡಿದು ತರಲು ಏಜೆಂಟರನ್ನು, ದಲ್ಲಾಳಿಗಳನ್ನು ಇಟ್ಟುಕೊಳ್ಳಬಾರದು ಎಂಬುದು ಅದೇ ನಿಯಮಾವಳಿಯ 7.19ನೇ ನಿಯಮ. ತಪ್ಪು ಸಾಬೀತಾದರೆ ವೈದ್ಯರ ಹೆಸರನ್ನು ನೋಂದಣಿ ಪುಸ್ತಕದಿಂದ ಕೆಲಕಾಲ ಅಥವಾ ಶಾಶ್ವತವಾಗಿ ತೆಗೆದುಹಾಕಬಹುದು. ಹೆಸರು ತೆಗೆದರೆ ಆ ಅವಧಿಯಲ್ಲಿ ಅವರು ವೈದ್ಯವೃತ್ತಿ ಮಾಡುವಂತಿಲ್ಲ.

ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ 2ರಂದು ಹೊಸ ನಿಯಮಾವಳಿ ಪ್ರಕಟಿಸಿತು. ಮೂರೇ ವಾರದಲ್ಲಿ, ಆಗಸ್ಟ್ 23ರಂದು, ಅದನ್ನು ತಡೆಹಿಡಿದು 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತಂದಿತು. ಆದ್ದರಿಂದ "ಅದು ಹಳೆಯ ನಿಯಮ, ಈಗಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಔಷಧ ಕಂಪನಿಗಳಿಂದ ವೈದ್ಯರು ಉಡುಗೊರೆ, ಪ್ರವಾಸ, ನಗದು ಪಡೆಯಬಾರದೆಂದು 2009ರ ಡಿಸೆಂಬರಿನಲ್ಲಿ 6.8ನೇ ನಿಯಮ ಸೇರಿತು. ಇಲ್ಲಿ ಒಂದು ವಿಚಿತ್ರ ವಾದ ಬಹಳ ವರ್ಷ ನಡೆಯಿತು. ನಿಯಮ ವೈದ್ಯರಿಗೆ ಮಾತ್ರ, ಕೊಡುವ ಕಂಪನಿಗಲ್ಲ, ಆದ್ದರಿಂದ ಕೊಟ್ಟ ಉಡುಗೊರೆಯನ್ನು ವ್ಯಾಪಾರದ ಖರ್ಚು ಎಂದು ತೋರಿಸಿ ತೆರಿಗೆ ಉಳಿಸಿಕೊಳ್ಳುತ್ತೇವೆ ಎಂದು ಕಂಪನಿಗಳು ಹೇಳುತ್ತಿದ್ದವು. 2022ರ ಫೆಬ್ರವರಿ 22ರಂದು ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ತೆಗೆದುಕೊಳ್ಳುವುದು ತಪ್ಪಾದರೆ ಕೊಡುವುದೂ ತಪ್ಪೇ, ಅದಕ್ಕೆ ತೆರಿಗೆ ವಿನಾಯಿತಿ ಇಲ್ಲ ಎಂದಿತು. ಆ ಪ್ರಕರಣದ ಉಡುಗೊರೆಗಳ ಪಟ್ಟಿಯಲ್ಲಿ ಚಿನ್ನದ ನಾಣ್ಯ, ಫ್ರಿಜ್, ಟಿ.ವಿ., ಲ್ಯಾಪ್‌ಟಾಪ್ ಇದ್ದವು. ಇವೆಲ್ಲದರ ಬೆಲೆ ಕೊನೆಗೆ ಔಷಧದ ಬೆಲೆಯಲ್ಲಿ ಸೇರಿ ರೋಗಿಯ ಮೇಲೆ ಬೀಳುತ್ತದೆ ಎಂಬುದನ್ನೂ ನ್ಯಾಯಾಲಯ ಗುರುತಿಸಿತು. ಸ್ಕ್ಯಾನಿಂಗ್ ಕೇಂದ್ರವೊಂದು ವೈದ್ಯರಿಗೆ ಕೊಟ್ಟ ಕಮಿಷನ್ನಿಗೆ ತೆರಿಗೆ ವಿನಾಯಿತಿ ಕೊಡಲಾಗದೆಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದಕ್ಕೂ ಮುಂಚೆಯೇ ಹೇಳಿತ್ತು.

ಇಷ್ಟಿದ್ದರೂ ಕಾನೂನಿನಲ್ಲಿ ಒಂದು ದೊಡ್ಡ ಕಿಂಡಿ ಇದೆ. ಅಮೆರಿಕದಲ್ಲಿ ಸರ್ಕಾರದ ಹಣದಿಂದ ನಡೆಯುವ ಚಿಕಿತ್ಸೆಗೆ ರೋಗಿಯನ್ನು ಕಳುಹಿಸಲು ಹಣ ಕೊಡುವುದೂ ಪಡೆಯುವುದೂ 1972ರಿಂದಲೇ ಅಪರಾಧ. 2018ರಿಂದ ಅದಕ್ಕೆ ಹತ್ತು ವರ್ಷದವರೆಗೆ ಜೈಲು ಶಿಕ್ಷೆ ಇದೆ. ನಮ್ಮಲ್ಲಿ ಖಾಸಗಿ ವೈದ್ಯರ ಕಮಿಷನ್ನಿಗಾಗಿಯೇ ಮಾಡಿದ ಅಂಥ ಪ್ರತ್ಯೇಕ ಕ್ರಿಮಿನಲ್ ಕಾನೂನು ಇಲ್ಲ. ಮಹಾರಾಷ್ಟ್ರದಲ್ಲಿ 2017ರಲ್ಲಿ ಒಂದು ಕರಡು ಸಿದ್ಧವಾಯಿತು, ಕಾಯ್ದೆಯಾಗಲಿಲ್ಲ. ವೈದ್ಯಕೀಯ ಪರಿಷತ್ತಿನ ಕೈ ವೈದ್ಯರವರೆಗೆ ಮಾತ್ರ ಚಾಚುತ್ತದೆ. ಲಕೋಟೆ ಕೊಟ್ಟ ಲ್ಯಾಬ್ ಮಾಲೀಕರು ವೈದ್ಯರಲ್ಲದಿದ್ದರೆ ಅವರನ್ನು ಅದು ಶಿಕ್ಷಿಸಲಾಗದು. ಸರ್ಕಾರಿ ವೈದ್ಯರ ವಿಷಯ ಬೇರೆ. ಅವರು ಸರ್ಕಾರಿ ನೌಕರರಾದ್ದರಿಂದ ಖಾಸಗಿ ಕೇಂದ್ರಕ್ಕೆ ಕಳುಹಿಸಿ ಹಣ ಪಡೆದರೆ ಅದು 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಲೋಕಾಯುಕ್ತಕ್ಕೆ ದೂರು ಕೊಡಬಹುದು.

ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆ, ಲ್ಯಾಬ್, ಸ್ಕ್ಯಾನಿಂಗ್ ಕೇಂದ್ರಗಳ ಮೇಲೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಅವು ನೋಂದಣಿ ಮಾಡಿಸಿರಬೇಕು, ದರಪಟ್ಟಿಯನ್ನು ರೋಗಿಗಳಿಗೆ ಕಾಣುವಂತೆ ಪ್ರಕಟಿಸಿರಬೇಕು. 2017ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತರುವಾಗ ರಾಜ್ಯದಾದ್ಯಂತ ಖಾಸಗಿ ವೈದ್ಯರ ಮುಷ್ಕರ ನಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಎಲ್ಲ ಚಿಕಿತ್ಸೆಗೂ ಸರ್ಕಾರವೇ ದರ ನಿಗದಿ ಮಾಡುವ ಪ್ರಸ್ತಾಪ ಕೊನೆಗೆ ಸರ್ಕಾರಿ ಯೋಜನೆಗಳ ರೋಗಿಗಳಿಗಷ್ಟೇ ಸೀಮಿತವಾಯಿತು. ಆದರೆ ರೋಗಿಗಳ ಹಕ್ಕುಗಳ ಪಟ್ಟಿ ಮತ್ತು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಹಾಗೂ ಕುಂದುಕೊರತೆ ಪ್ರಾಧಿಕಾರ ಉಳಿದವು. ಆ ಪ್ರಾಧಿಕಾರ ನಿಮಗೆ ಉಪಯೋಗಕ್ಕೆ ಬರುವಂಥದ್ದು.

ನೀವು ಕೇಳಬಹುದಾದದ್ದು

ಡಾಕ್ಟರನ್ನು ಪ್ರಶ್ನೆ ಕೇಳಿದರೆ ಅವರಿಗೆ ಬೇಸರವಾದೀತು ಎಂದು ನಮ್ಮ ಜನ ಹಿಂಜರಿಯುತ್ತಾರೆ. ಕೇಳುವ ರೀತಿಯಲ್ಲಿ ಕೇಳಿದರೆ ಬೇಸರವಾಗುವುದಿಲ್ಲ. "ಡಾಕ್ಟ್ರೇ, ಈ ಸ್ಕ್ಯಾನಿಂಗ್‌ನಿಂದ ಏನು ಗೊತ್ತಾಗುತ್ತೆ? ರಿಪೋರ್ಟ್ ಬಂದ ಮೇಲೆ ಔಷಧಿ ಬದಲಾಗುತ್ತಾ? ಇವತ್ತೇ ಮಾಡಿಸಬೇಕಾ, ಎರಡು ವಾರ ನೋಡಬಹುದಾ?" ಎಂದು ಕೇಳಿ. ಯೋಚಿಸಿ ಬರೆದ ವೈದ್ಯರು ಒಂದೆರಡು ಮಾತಿನಲ್ಲಿ ಉತ್ತರ ಹೇಳುತ್ತಾರೆ. "ನಿಮಗೆ ಕಮಿಷನ್ ಬರುತ್ತಾ?" ಎಂದು ಮಾತ್ರ ಕೇಳಬೇಡಿ. ಬರುವವರು ಹೌದೆನ್ನುವುದಿಲ್ಲ, ಬಾರದವರಿಗೆ ನೋವಾಗುತ್ತದೆ.

ಯಾವ ಲ್ಯಾಬಿಗೆ ಹೋಗಬೇಕು ಎಂಬುದು ನಿಮ್ಮ ಆಯ್ಕೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಔಷಧಿಯನ್ನೂ ಪರೀಕ್ಷೆಯನ್ನೂ ಎಲ್ಲಿ ಪಡೆಯಬೇಕೆಂದು ರೋಗಿಯೇ ಆರಿಸಿಕೊಳ್ಳುವ ಹಕ್ಕು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕು ಎರಡೂ ಇವೆ. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. "ಅಲ್ಲೇ ಮಾಡಿಸಬೇಕು" ಎಂದು ಒತ್ತಾಯಿಸಿದರೆ ಕಾರಣ ಕೇಳಿ. ಕೆಲವೊಮ್ಮೆ ಒಳ್ಳೆಯ ಕಾರಣವೇ ಇರುತ್ತದೆ. ಅಲ್ಲಿಯ ಯಂತ್ರ ಉತ್ತಮವಾಗಿರಬಹುದು, ಆ ಪರೀಕ್ಷೆ ಎಲ್ಲ ಕಡೆ ಇಲ್ಲದಿರಬಹುದು. ಬೇರೆಡೆಯ ರಿಪೋರ್ಟನ್ನು ಒಪ್ಪದೆ ಮತ್ತೆ ಮಾಡಿಸುವುದಕ್ಕೂ ಹಾಗೆಯೇ. ಆಪರೇಷನ್ನಿಗೆ ಮುಂಚೆ ರಕ್ತದ ಹೊಂದಾಣಿಕೆ ಪರೀಕ್ಷೆಯನ್ನು ಅದೇ ಆಸ್ಪತ್ರೆ ಮತ್ತೆ ಮಾಡಲೇಬೇಕು. ಆದರೆ ನಿನ್ನೆ ಮಾಡಿಸಿದ ಸ್ಕ್ಯಾನನ್ನು ಫಿಲಂ ಕೂಡ ನೋಡದೆ "ನಡೆಯುವುದಿಲ್ಲ" ಎಂದರೆ ಕಾರಣವನ್ನು ಬರೆದುಕೊಡಿ ಎಂದು ಕೇಳಬಹುದು.

ಸ್ಕ್ಯಾನಿಂಗ್ ಕೌಂಟರಿನಲ್ಲಿ ಮೊದಲು ಕೇಳುವುದು "ಯಾವ ಡಾಕ್ಟರು ಕಳಿಸಿದ್ದು?" ಎಂದು. ರಿಪೋರ್ಟ್ ಯಾರಿಗೆ ತಲುಪಬೇಕು ಎಂದು ತಿಳಿಯಲು ಈ ಪ್ರಶ್ನೆ ಬೇಕಾಗುತ್ತದೆ, ಆದ್ದರಿಂದ ಕೇಳಿದರೆ ಸಂಶಯಪಡಬೇಕಾಗಿಲ್ಲ. ದರಪಟ್ಟಿ ತೋರಿಸಿ ಎಂದು ನೀವೂ ಕೇಳಿ. ಅದೇ ಪರೀಕ್ಷೆಗೆ ಇನ್ನೆರಡು ಕಡೆ ಫೋನ್ ಮಾಡಿ ವಿಚಾರಿಸಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ನಡುವೆ ಓಡಾಡಲು ಸಿಟಿ ಬಸ್ಸಿಗೆ ಹೆಚ್ಚು ಖರ್ಚಾಗುವುದಿಲ್ಲ. ಗರ್ಭಿಣಿಯರ ಸ್ಕ್ಯಾನಿಂಗ್ ಮಾತ್ರ ಇದಕ್ಕೆ ಹೊರತು. ಭ್ರೂಣಲಿಂಗ ಪತ್ತೆ ತಡೆ ಕಾನೂನಿನ ಪ್ರಕಾರ ಅಲ್ಲಿ ವೈದ್ಯರ ಚೀಟಿ ಮತ್ತು ದಾಖಲೆ ಇರಲೇಬೇಕು. ಲ್ಯಾಬ್ ಯಾವುದಾದರೂ ಆಗಬಹುದು, ಚೀಟಿ ಇಲ್ಲದೆ ಆಗದು.

ಇಎಸ್‌ಐ ಕಾರ್ಡ್ ಇರುವವರು ಹೊರಗೆ ಹಣ ಕಟ್ಟುವ ಮೊದಲು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ. ಕಾರ್ಡ್ ಮನೆಯಲ್ಲಿಟ್ಟು ಇಲ್ಲಿ ಸಾಲ ಮಾಡುವವರನ್ನು ನೋಡಿದರೆ ಸಂಕಟವಾಗುತ್ತದೆ.

ಇಲ್ಲಿ ಹೇಳಿದ ಪ್ರಶ್ನೆಗಳನ್ನು ಬೇರೆ ಆಸ್ಪತ್ರೆಯಲ್ಲಿ ಮಾತ್ರ ಕೇಳಬೇಕೆಂದಲ್ಲ, ನಮ್ಮ ಆಸ್ಪತ್ರೆಯಲ್ಲೂ ಕೇಳಿ. ಧರ್ಮಾರ್ಥ ಆಸ್ಪತ್ರೆ ಎಂಬ ಫಲಕ ಇದ್ದ ಮಾತ್ರಕ್ಕೆ ಪ್ರಶ್ನೆಯಿಂದ ವಿನಾಯಿತಿ ಸಿಗುವುದಿಲ್ಲ.

ಆಂಬುಲೆನ್ಸ್ ವಿಷಯ ಒಂದು ಮಾತು. ಮಾಗಡಿ, ಕುಣಿಗಲ್, ರಾಮನಗರದ ಕಡೆಯಿಂದ ರೋಗಿಯನ್ನು ಕರೆತರುವಾಗ ಖಾಸಗಿ ವಾಹನದ ಚಾಲಕರು "ಆ ಆಸ್ಪತ್ರೆ ಬೇಡ, ಇಲ್ಲಿ ಚೆನ್ನಾಗಿ ನೋಡ್ತಾರೆ" ಎಂದು ದಾರಿಯಲ್ಲೇ ಬದಲಾಯಿಸುವುದುಂಟು. ಹೊರಡುವಾಗಲೇ ಆಸ್ಪತ್ರೆಯ ಹೆಸರು ನಿಶ್ಚಯಿಸಿ, ಸಾಧ್ಯವಾದರೆ ಅಲ್ಲಿಗೆ ಫೋನ್ ಮಾಡಿ ಹಾಸಿಗೆ ಇದೆಯೇ ಎಂದು ಕೇಳಿಕೊಂಡು ಹೊರಡಿ.

ತುರ್ತು ಸಂದರ್ಭದಲ್ಲಿ ಈ ಯಾವ ವಿಚಾರಣೆಯೂ ಬೇಡ. ಒಂದು ಕಡೆ ಕೈಕಾಲು ಸೋತು, ಬಾಯಿ ಓರೆಯಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮುಂಚೆ ತಲೆಯ ಸ್ಕ್ಯಾನ್ ಆಗಲೇಬೇಕು. ಆಗ ಮೂರು ಲ್ಯಾಬಿನ ದರ ವಿಚಾರಿಸುತ್ತಾ ನಿಂತರೆ ಹೊತ್ತು ಮೀರುತ್ತದೆ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಇದ್ದಾಗಲೂ ಹಾಗೆಯೇ. ಮೊದಲು ಸ್ಕ್ಯಾನ್, ಉಳಿದ ಮಾತು ಆಮೇಲೆ.

ದೂರು ಕೊಡಬೇಕೆಂದರೆ

ಕಮಿಷನ್ ಪಡೆದದ್ದನ್ನು ರೋಗಿಯೊಬ್ಬರು ಸಾಬೀತು ಮಾಡುವುದು ಬಹಳ ಕಷ್ಟ. ಲಕೋಟೆ ನಿಮ್ಮ ಕಣ್ಣೆದುರು ಕೈ ಬದಲಾಗುವುದಿಲ್ಲ. ಆದ್ದರಿಂದ ದೂರಿನಲ್ಲಿ ಊಹೆಯನ್ನು ಬರೆಯಬೇಡಿ, ನಿಮ್ಮ ಕಾಗದಗಳು ತೋರಿಸುವುದನ್ನು ಬರೆಯಿರಿ: ಒಂದೇ ಪರೀಕ್ಷೆಯನ್ನು ಕಾರಣವಿಲ್ಲದೆ ಎರಡು ಸಲ ಮಾಡಿಸಿದ್ದು, ಬೇರೆ ಲ್ಯಾಬಿಗೆ ಹೋದದ್ದಕ್ಕೆ ಚಿಕಿತ್ಸೆ ನಿರಾಕರಿಸಿದ್ದು, ದರಪಟ್ಟಿಗಿಂತ ಹೆಚ್ಚು ಪಡೆದದ್ದು, ರಶೀದಿ ಕೊಡದಿದ್ದದ್ದು.

ವೈದ್ಯರ ನಡತೆಯ ಬಗ್ಗೆಯಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ಕೊಡಬೇಕು. ದೂರನ್ನು ಆರು ತಿಂಗಳೊಳಗೆ ತೀರ್ಮಾನಿಸಬೇಕೆಂದು ನಿಯಮ ಹೇಳುತ್ತದೆ. ಆಸ್ಪತ್ರೆ ಅಥವಾ ಲ್ಯಾಬಿನ ಮೇಲಾದರೆ ಮೇಲೆ ಹೇಳಿದ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಅದರ ಸದಸ್ಯ ಕಾರ್ಯದರ್ಶಿ. ಹಣ ವಾಪಸು ಮತ್ತು ಪರಿಹಾರ ಬೇಕೆಂದರೆ ಗ್ರಾಹಕರ ಆಯೋಗ. ಹಣ ಕೊಟ್ಟು ಪಡೆದ ವೈದ್ಯಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು, ಚಿಕಿತ್ಸೆ ಬೆಂಗಳೂರಿನಲ್ಲಿ ಆಗಿದ್ದರೂ ತುಮಕೂರಿನವರು ತುಮಕೂರಿನಲ್ಲೇ ಕೊಡಬಹುದು. ಮೊದಲು ಸಲಹೆ ಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಎಲ್ಲಿಗೆ ಹೋದರೂ ಮೊದಲು ಕೇಳುವುದು ಕಾಗದಗಳನ್ನು. ವೈದ್ಯರ ಚೀಟಿ, ಲ್ಯಾಬಿನ ರಶೀದಿ, ರಿಪೋರ್ಟ್, ಫಿಲಂ ಅಥವಾ ಸಿ.ಡಿ. ಇವನ್ನೆಲ್ಲ ಒಂದೇ ಕವರಿನಲ್ಲಿ ತಾರೀಖಿನ ಪ್ರಕಾರ ಇಟ್ಟುಕೊಳ್ಳಿ. ಒಳರೋಗಿಯಾಗಿದ್ದರೆ ನಿಮ್ಮ ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನು ಕೇಳಿ ಅರ್ಜಿ ಕೊಡಿ, ಅರ್ಜಿ ತಲುಪಿದ್ದಕ್ಕೆ ಸಹಿ ಪಡೆಯಿರಿ. 72 ಗಂಟೆಗಳೊಳಗೆ ಕೊಡಬೇಕೆಂದು ಅದೇ 2002ರ ನಿಯಮಾವಳಿಯಲ್ಲಿದೆ. ದಾಖಲೆಗಳನ್ನು ಮೂರು ವರ್ಷ ಮಾತ್ರ ಇಡಬೇಕೆಂಬ ನಿಯಮ ಇರುವುದರಿಂದ ಅರ್ಜಿ ಕೊಡುವುದನ್ನು ಮುಂದೂಡಬೇಡಿ. ಬಿಡುಗಡೆಯಾಗುವ ದಿನವೇ ಕೊಟ್ಟರೆ ಒಳ್ಳೆಯದು.